ಘ್ರಾಣಕೋಶ ಮತ್ತು ಕ್ಯಾಲ್ಸಿಯಂನ ಅಂಕೆ



ಹೈದರಾಬಾದಿನ ಚಾರ್‌ಮಿನಾರ್ ಸುತ್ತಲಿನ ಬೀದಿಗಳು ಅತ್ತರಿನ ಅಂಗಡಿಗಳಿಗೆ ಹೆಸರಾದವು. ಅಂತಹ ಅಂಗಡಿಯೊಂದಕ್ಕೆ ಕಾಲಿಟ್ಟ ಗಿರಾಕಿಯನ್ನು ಗುಲಾಬಿ, ಮಲ್ಲಿಗೆ, ಗಂಧಗಳ ಪರಿಮಳ ಒಮ್ಮೆಲೇ ಮುತ್ತಿಕೊಳ್ಳುತ್ತದೆ. ಕೆಲವು ನಿಮಿಷಗಳು ಕಳೆಯುವಷ್ಟರಲ್ಲಿ ಆ ಪರಿಮಳದ ಅರಿವು ಅವನಿಗೆ ಮಂದವಾಗುತ್ತದೆ. ದಿನವಿಡೀ ಅಲ್ಲಿಯೇ ಕುಳಿತಿರುವ ವ್ಯಾಪಾರಿಗಂತೂ ಅದು ಗಮನಕ್ಕೇ ಬಾರದು. ಗಾಳಿಯಲ್ಲಿ ಅತ್ತರು ಕಡಿಮೆಯಾಗಿರುವುದಿಲ್ಲ. ಮೂಗು ಕೆಟ್ಟಿರುವುದೂ ಇಲ್ಲ. ಹೊಂದಿಕೊಳ್ಳುವ ಈ ಗುಣ ಮಿದುಳಿನಲ್ಲಿಯೂ ಇದೆ. ಆದರೆ ಅದರ ಮೊದಲ ಹೆಜ್ಜೆ ಮೂಗಿನೊಳಗಿನ ಜೀವಕೋಶದಲ್ಲಿಯೇ ಆರಂಭವಾಗುತ್ತದೆ. ಅದನ್ನು ನಡೆಸುವ ವಸ್ತು ಕ್ಯಾಲ್ಸಿಯಂ.

ಮೂಗಿನ ಮೇಲ್ಭಾಗದ ಒಳಪದರದಲ್ಲಿ ಲಕ್ಷಾಂತರ ಘ್ರಾಣಕೋಶಗಳಿವೆ. ಪ್ರತಿಯೊಂದು ಕೋಶದ ತುದಿಯಿಂದಲೂ ಅತಿ ಸೂಕ್ಷ್ಮವಾದ ರೋಮಗಳು ಹೊರಟು ಮೂಗಿನ ಲೋಳೆಯಲ್ಲಿ ಹರಡಿಕೊಂಡಿರುತ್ತವೆ. ವಾಸನೆಯ ಅಣುಗಳನ್ನು ಹಿಡಿಯುವ ಗ್ರಾಹಕಗಳು ಈ ರೋಮಗಳ ಮೇಲಿವೆ. ಈ ಗ್ರಾಹಕಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರು 1991ರಲ್ಲಿ ಪ್ರಕಟಪಡಿಸಿದರು. 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮನುಷ್ಯನಲ್ಲಿ ಇಂತಹ ಗ್ರಾಹಕಗಳು ಸುಮಾರು 400 ಬಗೆಯವು.

ಇನ್ನು ಕ್ಯಾಲ್ಸಿಯಂನ ವಿಚಾರ. ವಿಶ್ರಾಂತಿಯಲ್ಲಿರುವ ಜೀವಕೋಶದ ಒಳಗೆ ಮುಕ್ತ ಕ್ಯಾಲ್ಸಿಯಂ ಅತ್ಯಲ್ಪ. ಕೋಶದ ಹೊರಗಿನ ದ್ರವದಲ್ಲಿ ಅದರ ಸಾಂದ್ರತೆ ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಅಧಿಕ. ಹೈದರಾಬಾದಿನವರಿಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿಯ ಮಹಾಪೂರ ನಗರವನ್ನು ನಾಶಗೊಳಿಸಿತು. ಆ ಬಳಿಕ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ನೀಡಿದ ಸಲಹೆಯ ಮೇರೆಗೆ ನಗರದ ಮೇಲ್ಭಾಗದಲ್ಲಿ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ನಿರ್ಮಾಣಗೊಂಡವು. ನೀರು ನಗರಕ್ಕೆ ಬೇಕು, ಆದರೆ ಬೇಕಾದಾಗ, ಬೇಕಾದಷ್ಟೇ ಬರಬೇಕು ಎಂಬುದು ಅವುಗಳ ತತ್ತ್ವ. ಘ್ರಾಣಕೋಶವೂ ಹೊರಗಿನ ಕ್ಯಾಲ್ಸಿಯಂನ ಸಾಗರವನ್ನು ತನ್ನ ಪೊರೆಯೆಂಬ ಕಟ್ಟೆಯಿಂದ ತಡೆದು, ಬೇಕಾದಾಗ ಮಾತ್ರ ತೂಬು ತೆರೆಯುತ್ತದೆ.

ತೂಬು ತೆರೆಯುವ ಕ್ರಮ ಹೀಗಿದೆ. ವಾಸನೆಯ ಅಣು ಗ್ರಾಹಕವನ್ನು ಸೇರಿದೊಡನೆ ಕೋಶದೊಳಗೆ ಸೈಕ್ಲಿಕ್ ಎ.ಎಂ.ಪಿ. ಎಂಬ ಸಂದೇಶವಾಹಕ ವಸ್ತು ತಯಾರಾಗುತ್ತದೆ. ಅದು ಪೊರೆಯಲ್ಲಿನ ಅಯಾನು ನಾಳಗಳನ್ನು ತೆರೆಯುತ್ತದೆ. ಸೋಡಿಯಂ ಮತ್ತು ಕ್ಯಾಲ್ಸಿಯಂ ಒಳನುಗ್ಗುತ್ತವೆ. ಒಳಬಂದ ಕ್ಯಾಲ್ಸಿಯಂ ಮತ್ತೊಂದು ಬಗೆಯ ನಾಳಗಳನ್ನು ತೆರೆಯಿಸಿ, ಋಣ ವಿದ್ಯುದಂಶವುಳ್ಳ ಕ್ಲೋರೈಡ್ ಹೊರಹೋಗುವಂತೆ ಮಾಡುತ್ತದೆ. ಇದರಿಂದ ವಿದ್ಯುತ್ ಸಂಕೇತ ಬಲಗೊಂಡು, ನರತಂತುವಿನ ಮೂಲಕ ಮಿದುಳಿಗೆ ಸಾಗುತ್ತದೆ. ಹೀಗೆ, ದುರ್ಬಲವಾದ ವಾಸನೆಯನ್ನು ಪ್ರಬಲಗೊಳಿಸುವುದು ಕ್ಯಾಲ್ಸಿಯಂನ ಮೊದಲನೆಯ ಕಾರ್ಯ.

ಅದರ ಎರಡನೆಯ ಕಾರ್ಯ ಇದಕ್ಕೆ ತೀರ ವಿರುದ್ಧವಾದುದು. ಒಳಬಂದ ಅದೇ ಕ್ಯಾಲ್ಸಿಯಂ ಕಾಲ್‌ಮಾಡ್ಯುಲಿನ್ ಎಂಬ ಪ್ರೋಟೀನಿನೊಡನೆ ಕೂಡಿಕೊಂಡು, ತಾನು ಬಂದ ನಾಳಗಳ ಸಂವೇದನೆಯನ್ನೇ ಕುಗ್ಗಿಸುತ್ತದೆ. ಸಂಕೇತ ಇಳಿಮುಖವಾಗುತ್ತದೆ. ದೀಪ ಹಚ್ಚಿದ ಕೈಯೇ ಬತ್ತಿಯನ್ನು ಸಣ್ಣದು ಮಾಡಿದಂತೆ ಇದು. ಅತ್ತರಿನ ಅಂಗಡಿಯ ಗಿರಾಕಿಯ ಮೂಗಿನಲ್ಲಿ ನಡೆಯುವುದು ಇದೇ. ಇಂತಹ ಹೊಂದಾಣಿಕೆ ಇಲ್ಲದಿದ್ದರೆ ಹಳೆಯ ವಾಸನೆಯ ಗದ್ದಲದಲ್ಲಿ ಹೊಸ ವಾಸನೆ ಕೇಳಿಸದೆ ಹೋಗುತ್ತಿತ್ತು.

ಒಳಬಂದ ಕ್ಯಾಲ್ಸಿಯಂ ಅಲ್ಲಿಯೇ ನಿಲ್ಲುವಂತಿಲ್ಲ. ಅದನ್ನು ಬೇಗನೆ ಹೊರಹಾಕಬೇಕು. ಈ ಕಾರ್ಯದಲ್ಲಿ ಎನ್.ಸಿ.ಕೆ.ಎಕ್ಸ್. 4 ಎಂಬ ವಿನಿಮಯ ಪ್ರೋಟೀನಿನದು ಪ್ರಧಾನ ಪಾತ್ರ. ಅದು ಸೋಡಿಯಂ ಅನ್ನು ಒಳಗೆ ಬಿಟ್ಟುಕೊಂಡು, ಅದಕ್ಕೆ ಪ್ರತಿಯಾಗಿ ಕ್ಯಾಲ್ಸಿಯಂ ಅನ್ನು ಹೊರದೂಡುತ್ತದೆ. ಈ ಪ್ರೋಟೀನ್ ಇಲ್ಲದಂತೆ ಮಾಡಿದ ಇಲಿಗಳ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಆ ಇಲಿಗಳ ಘ್ರಾಣಕೋಶಗಳಲ್ಲಿ ಒಂದು ವಾಸನೆಯ ಸಂಕೇತ ಬೇಗ ಅಡಗಲಿಲ್ಲ; ಮರಳಿ ಮರಳಿ ಬಂದ ವಾಸನೆಗೆ ಸರಿಯಾದ ಸಂಕೇತವೂ ಹೊರಡಲಿಲ್ಲ. ವಾಸನೆಯ ಮೂಲವನ್ನು ಹುಡುಕುವುದು ಅವುಗಳಿಗೆ ಕಷ್ಟವಾಯಿತು; ದೇಹದ ತೂಕವೂ ಕಡಿಮೆಯಾಗಿತ್ತು. ಗ್ರಹಿಸುವ ಶಕ್ತಿಯಷ್ಟೇ ಮರೆಯುವ ಶಕ್ತಿಯೂ ಮೂಗಿಗೆ ಅಗತ್ಯವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಭಾರತದ ವಿಜ್ಞಾನಿಗಳೂ ಈ ಕ್ಷೇತ್ರದಲ್ಲಿ ಗಣನೀಯ ಕೆಲಸ ಮಾಡಿದ್ದಾರೆ. ಹಣ್ಣಿನ ನೊಣದ ಘ್ರಾಣಶಕ್ತಿಯ ಅಧ್ಯಯನಕ್ಕೆ ಒಬೈದ್ ಸಿದ್ದೀಕಿ ಮತ್ತು ವೆರೋನಿಕಾ ರೋಡ್ರಿಗ್ಸ್ ಅವರು 1970ರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಡಿಪಾಯ ಹಾಕಿದರು. ಮುಂದೆ ಅದು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಬೆಳೆಯಿತು. ಕೋಶದೊಳಗೂ ಕ್ಯಾಲ್ಸಿಯಂನ ಉಗ್ರಾಣವಿದೆ. ಆ ಉಗ್ರಾಣದ ಬಾಗಿಲಿನಂತಿರುವ ಪ್ರೋಟೀನೊಂದು ದೋಷಯುಕ್ತವಾದ ನೊಣಗಳನ್ನು ಗೈತಿ ಹಸನ್, ರೋಡ್ರಿಗ್ಸ್ ಮತ್ತು ಅವರ ಸಹೋದ್ಯೋಗಿಗಳು ಪರೀಕ್ಷಿಸಿದರು. 2000ದಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಂತಹ ನೊಣಗಳು ವಾಸನೆಯನ್ನು ಸಹಜವಾಗಿಯೇ ಗ್ರಹಿಸಿದವು; ಆದರೆ ತೀವ್ರ ವಾಸನೆಯ ಬಳಿಕ ಕೆಲವು ಬಗೆಯ ನೊಣಗಳ ಘ್ರಾಣ ವಾಡಿಕೆಗಿಂತ ಬೇಗ ಚೇತರಿಸಿಕೊಂಡಿತು. ಕೀಟಗಳ ಗ್ರಾಹಕಗಳ ರಚನೆ ಬೇರೆಯಾದರೂ, ವಾಸನೆಗೆ ಹೊಂದಿಕೊಂಡ ಸ್ಥಿತಿ ಉಳಿಯಲು ಅಲ್ಲಿಯೂ ಈ ಬಾಗಿಲು ಬೇಕೆಂದಾಯಿತು.

ಹೊಂದಾಣಿಕೆ ಬೇರೆ, ಘ್ರಾಣನಷ್ಟ ಬೇರೆ. 1977ರಲ್ಲಿ ಸ್ಥಾಪನೆಗೊಂಡ ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರವು 2020ರಲ್ಲಿ ಕೋವಿಡ್ ಮಾದರಿಗಳ ಪರೀಕ್ಷೆಯನ್ನು ಕೈಗೊಂಡಿತು. ಅದೇ ವರ್ಷ ಅಸಂಖ್ಯ ಜನರು ವಾಸನೆ ಕಳೆದುಕೊಂಡ ಅನುಭವವನ್ನು ಪಡೆದರು. ಆ ವೈರಾಣು ಮುಖ್ಯವಾಗಿ ಬಾಧಿಸುವುದು ಘ್ರಾಣಕೋಶಗಳಿಗೆ ಆಸರೆಯಾದ ಪೋಷಕ ಕೋಶಗಳನ್ನು ಎಂದು ಸಂಶೋಧನೆಗಳು ತಿಳಿಸಿವೆ. ಅಂಗಡಿಯ ಗಿರಾಕಿ ಹೊರಗಿನ ಗಾಳಿಗೆ ಬಂದರೆ ಅವನ ಘ್ರಾಣ ಮರಳುತ್ತದೆ. ದಿನಗಟ್ಟಲೆ ವಾಸನೆ ಬಾರದಿದ್ದವರು ವೈದ್ಯರನ್ನು ಕಾಣಬೇಕು.

ಈ ತಿಳಿವಳಿಕೆ ಪ್ರತಿಯೊಂದು ಅಡುಗೆಮನೆಗೂ ಸಂಬಂಧಿಸಿದ್ದು. ಅಡುಗೆ ಅನಿಲಕ್ಕೆ ಸ್ವತಃ ವಾಸನೆಯಿಲ್ಲ. ಸೋರಿಕೆ ಗೊತ್ತಾಗಲೆಂದೇ ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ಗಂಧದ ವಸ್ತುವನ್ನು ಬೆರೆಸುತ್ತಾರೆ. ಗಾಳಿಯಲ್ಲಿ ಈ ಅನಿಲ ಸುಮಾರು ಶೇಕಡ 2ರಷ್ಟು ಸೇರಿದರೆ ಒಂದು ಕಿಡಿ ಸಾಕು. ಆದರೆ ಸೋರಿಕೆಯ ಕೋಣೆಯಲ್ಲಿಯೇ ಇರುವವರಿಗೆ ಆ ವಾಸನೆ ಕ್ರಮೇಣ ಮಂದವಾಗುತ್ತದೆ. "ಆಗ ಬಂದಿತ್ತು, ಈಗ ಹೋಯಿತು" ಎಂದು ಸುಮ್ಮನಾಗುವುದು ಅಪಾಯಕರ. ಹೋಗಿರುವುದು ಅನಿಲವಲ್ಲ, ಅದರ ಅರಿವು ಮಾತ್ರ ಆಗಿರಬಹುದು. ಆದುದರಿಂದ ಮೊದಲ ವಾಸನೆಯನ್ನೇ ನಂಬಬೇಕು. ಒಲೆಯನ್ನೂ ರೆಗ್ಯುಲೇಟರನ್ನೂ ಮುಚ್ಚಬೇಕು. ಬಾಗಿಲು ಕಿಟಕಿಗಳನ್ನು ತೆರೆಯಬೇಕು. ವಿದ್ಯುತ್ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ಎಲ್ಲರೂ ಹೊರಗೆ ಬಂದು 1906 ಸಂಖ್ಯೆಗೆ ದೂರವಾಣಿ ಮಾಡಬೇಕು. ಸೋರಿಕೆ ನಿಂತಿದೆಯೆಂದು ನಿರ್ಧರಿಸಬೇಕಾದವರು ಪರಿಶೀಲನೆಗೆ ಬಂದ ತಂತ್ರಜ್ಞರೇ ಹೊರತು, ಒಳಗಿದ್ದವರ ಮೂಗಲ್ಲ.