ಪರದೆಯ ಹಿಂದೆ ದುಡಿಯುವವರು ಯಾರು?



ಗಣಕ ತೆರೆದರೆ ನಿಮಗೆ ಕಾಣುವುದು ಒಂದೇ ಪರದೆ. ಅದರ ಹಿಂದೆ ದುಡಿಯುವವರು ಮಾತ್ರ ಹಲವರು. ಲಿನಕ್ಸನ್ನೇ ತೆಗೆದುಕೊಳ್ಳಿ. ಅಲ್ಲಿ ಮುಚ್ಚುಮರೆಯಿಲ್ಲ, ಒಳಗಿನದೆಲ್ಲ ಓದಲು ಸಿಗುತ್ತದೆ.

ತಳದಲ್ಲಿ ಎಕ್ಸ್ ಎಂಬ ವ್ಯವಸ್ಥೆ. 1984ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ್ದು. ಯಾವ ಕೀಲಿ ಒತ್ತಿದಿರಿ, ಪರದೆಯ ಯಾವ ಜಾಗದಲ್ಲಿ ಏನು ಬಿಡಿಸಬೇಕು, ಅದಕ್ಕೆ ಗೊತ್ತಿರುವುದು ಇಷ್ಟೇ. ಕಿಟಕಿಗೆ ಅಂಚು ಕಟ್ಟಲು, ಎಳೆದಾಡಲು ವಿಂಡೋ ಮ್ಯಾನೇಜರ್ ಎಂಬ ಬೇರೆ ಆಳು. ಅವನನ್ನು ನಿಲ್ಲಿಸಿ ನೋಡಿ: ಕಿಟಕಿ ಉಳಿಯುತ್ತದೆ, ಅಂಚು ಮಾಯ, ಎಳೆದರೆ ಅಲುಗುವುದಿಲ್ಲ! (2008ರಲ್ಲಿ ಶುರುವಾದ ವೇಲ್ಯಾಂಡ್‌ನಲ್ಲಿ ಈ ಇಬ್ಬರ ಕೆಲಸವೂ ಒಬ್ಬನದೇ.) ಕೆಳಗಿನ ಪಟ್ಟಿ ಇನ್ನೊಂದು ಪ್ರೋಗ್ರಾಂ. ಎಲ್ಲರನ್ನೂ ಒಂದೇ ಮನೆಯಲ್ಲಿ ಕೂಡಿಸಿದ್ದು 1996ರ ಕೆಡಿಇ, 1997ರ ಗ್ನೋಮ್.

ಇನ್ನು ನಮ್ಮ ವಿಷಯ. ಗುಂಡಿ, ಮೆನುಗಳನ್ನು ಬಿಡಿಸಿಕೊಡುವುದು ಗ್ನೋಮ್‌ನಲ್ಲಿ ಜಿಟಿಕೆ, ಕೆಡಿಇಯಲ್ಲಿ ಕ್ಯೂಟಿ. ಅವುಗಳ ಮೇಲೆ 'ಸ್ತ್ರೀ' ಎಂದು ಬರೆಯಬೇಕಾದರೆ ಗಣಕದ ಕೈಗೆ ಸಿಗುವುದು ಆರು ಸಂಕೇತ: ಸ, ಹಲಂತ, ತ, ಮತ್ತೆ ಹಲಂತ, ರ, ಕೊನೆಗೆ ಈಕಾರದ ಚಿಹ್ನೆ. ಇಂಗ್ಲಿಷಿನಂತೆ ಸಾಲಾಗಿ ನಿಲ್ಲಿಸಿದರೆ ಕೆಟ್ಟಿತು. ತ, ರ ಎರಡೂ ಒತ್ತಾಗಬೇಕು, ಗುಡಿಸು ಸಕಾರದ ತಲೆಗೇರಬೇಕು, ದೀರ್ಘ ಪಕ್ಕಕ್ಕೆ ನಿಲ್ಲಬೇಕು. ಫಾಂಟಿನೊಳಗಿನ ನಿಯಮ ನೋಡಿ ಹೀಗೆ ಜೋಡಿಸುವ ತಂತ್ರಾಂಶ ಹಾರ್ಫ್‌ಬಜ್. ಜಿಟಿಕೆ, ಕ್ಯೂಟಿ ಎರಡೂ ಅದನ್ನೇ ಬಳಸುತ್ತವೆ. ಕನ್ನಡ ಗಣಕಕ್ಕೆ ಒಗ್ಗದು ಎನ್ನುವವರು ಬಂದು ನೋಡಲಿ!

ಹಾಗಾದರೆ ಮೆನು ಇಂಗ್ಲಿಷಿನಲ್ಲೇಕೆ? ಕೇಳಿ. ಗುಂಡಿಯ ಮೇಲೆ ಮಾತು ಬರೆಯುವ ಮೊದಲು ಪ್ರೋಗ್ರಾಂ ಗೆಟ್‌ಟೆಕ್ಸ್ಟ್ ಎಂಬ ವ್ಯವಸ್ಥೆಯನ್ನು ವಿಚಾರಿಸುತ್ತದೆ: 'ಓಪನ್'ಗೆ ಕನ್ನಡ ಇದೆಯೇ? ಅನುವಾದದ ಕಡತದಲ್ಲಿ ಪ್ರತಿ ಇಂಗ್ಲಿಷ್ ಮಾತಿನ ಕೆಳಗೆ ಕನ್ನಡಕ್ಕೊಂದು ಸಾಲು. ಅಲ್ಲಿ 'ತೆರೆ' ಎಂದಿದ್ದರೆ 'ತೆರೆ' ಬರುತ್ತದೆ. ಸಾಲು ಖಾಲಿಯಿದ್ದರೆ ಸದ್ದಿಲ್ಲದೆ ಇಂಗ್ಲಿಷ್ ಬಂದು ಕೂರುತ್ತದೆ. ಎಚ್ಚರಿಕೆಯಿಲ್ಲ, ದೂರಿಲ್ಲ. ಒಂದೇ ಮೆನುವಿನಲ್ಲಿ ಎರಡು ಮಾತು ಕನ್ನಡ, ಮೂರನೆಯದು ಇಂಗ್ಲಿಷ್ ಆಗುವುದು ಹೀಗೆ. ಇದರಲ್ಲಿ ಯಾವ ಪರಭಾಷಿಕನ ಪಿತೂರಿಯೂ ಇಲ್ಲ, ಸ್ವಾಮಿ.

ಕೆಡಿಇ, ಗ್ನೋಮ್ ಎರಡಕ್ಕೂ ಕನ್ನಡದ ಕಡತಗಳಿವೆ. ಆದರೆ ಹೊಸ ಆವೃತ್ತಿಯೊಂದಿಗೆ ಹೊಸ ಮಾತುಗಳು ಸೇರುತ್ತವೆ, ಖಾಲಿ ಸಾಲುಗಳೂ ಸೇರುತ್ತವೆ. ತುಂಬಲು ಪ್ರೋಗ್ರಾಂ ಬರೆಯಲು ಬರಬೇಕಿಲ್ಲ. 'ಫೈಲ್' ಎನ್ನಬೇಕೋ 'ಕಡತ' ಎನ್ನಬೇಕೋ ಎಂದು ಗೆಳೆಯರೊಡನೆ ಜಗಳವಾಡಿ, ಒಂದನ್ನು ಆರಿಸಿ, ಬರೆದು ಅನುವಾದ ತಂಡಕ್ಕೆ ಕಳಿಸಿ. ನಡುವೆ ಶೇಕಡಾ ಚಿಹ್ನೆಯ ಗುರುತು ಕಂಡರೆ ಅಳಿಸಬೇಡಿ, ಕಡತದ ಹೆಸರೋ ಸಂಖ್ಯೆಯೋ ಬಂದು ಕೂರುವ ಜಾಗ ಅದು. ಇಂಗ್ಲಿಷಿನಲ್ಲಿ 'ಡಿಲೀಟ್' ಮೊದಲು, ಹೆಸರು ಆಮೇಲೆ. ನಮ್ಮಲ್ಲಿ ಹೆಸರು ಮೊದಲು, 'ಅಳಿಸು' ಕೊನೆಗೆ. ಆ ಗುರುತನ್ನು ಧೈರ್ಯವಾಗಿ ಮುಂದಕ್ಕೆ ತನ್ನಿ.