ಚೆನ್ನೆಮಣೆಯ ಎದುರು

ಮುಂಬಯಿಯಲ್ಲಿ ಬಿಲ್ಲವ ಭವನವಿರುವ ಸಾಂತಾಕ್ರೂಜ್ ಪೂರ್ವದಲ್ಲಿ, ತುಳು-ಕನ್ನಡ ಎರಡನ್ನೂ ಆಡುವ ಪರಿಚಯದವರ ಮನೆ. ಆಟಿ ತಿಂಗಳ ಭಾನುವಾರ, ಹೊರಗೆ ಬಿಡದ ಮಳೆ. ಮೊಮ್ಮಕ್ಕಳ ಬೇಸರ ನೋಡಲಾರದೆ ಅಜ್ಜಿ ಕಪಾಟಿನ ಮೇಲಿಂದ ಚೆನ್ನೆಮಣೆ ಇಳಿಸಿದರು.

ಸಾಲಿಗೆ ಏಳರಂತೆ 14 ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಅಕ್ಕ-ತಂಗಿ ಎದುರುಬದುರು ಕೂತದ್ದೇ ಅಜ್ಜಿ ತಡೆದರು. ತುಳು ಜನಪದ ಹಾಡಾದ ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅವಳಿಗಳ ಚೆನ್ನೆಯಾಟ ಜಗಳವಾಗಿ ಸಾವಿನಲ್ಲಿ ಮುಗಿಯಿತಲ್ಲ, ಅದಕ್ಕೇ ಅಕ್ಕ-ತಂಗಿ ಎದುರಾಗಿ ಆಡಬಾರದೆಂಬ ನಂಬಿಕೆ. "ನೀನು ನನ್ನೆದುರು ಕೂರು ಮಗಾ" ಎಂದು ಎಂಟು ವರ್ಷದ ಕಿರಿಯವಳನ್ನು ಕರೆದರು.

ಅಜ್ಜಿಯ ಡೊಂಕಾದ ಬೆರಳುಗಳು ಗುಳಿ ಬರಿದು ಮಾಡಿ ಒಂದೊಂದೇ ಕೆಂಪು ಕಾಯಿ ಬಿಡುತ್ತಾ ಹೋದವು, ಒಮ್ಮೆಯೂ ತಪ್ಪಲಿಲ್ಲ. ನಾಲ್ಕನೇ ಆಟ ಹುಡುಗಿಯದು. ಅಜ್ಜಿ ಬಿಟ್ಟುಕೊಟ್ಟದ್ದಲ್ಲ, ನಾನು ಕಣ್ಣಾರೆ ಕಂಡೆ. ಓಟದಲ್ಲಾದರೆ ಎಳೆಯ ಕಾಲಿನದೇ ಮೇಲುಗೈ. ಇಲ್ಲಿ ಎಣಿಕೆ ಬಲ್ಲವರದು, ಎಪ್ಪತ್ತಾದರೇನು, ಎಂಟಾದರೇನು! ಇಂಥ ಮಣೆ ಮನೆಮನೆಯಲ್ಲೂ ಇರಬೇಕೆಂದು ನನ್ನ ಆಸೆ.

ಕೊನೆಗೆ ಒಂದು ಕಾಯಿ ಸೋಫಾದಡಿ ಉರುಳಿತು. ಅಜ್ಜಿ ಟಾರ್ಚ್ ಹಿಡಿದರು, ನಾವು ಮೂವರೂ ನೆಲಕ್ಕೆ ಬಗ್ಗಿದೆವು.