ಹಾಡಿನ ಬೀಜ: ಸುಕ್ರಿ ಬೊಮ್ಮಗೌಡರ ನೆನಪು

(ಸರ್ಜಾಪುರದಲ್ಲಿ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಜಾನಪದ ಗಾಯಕಿಯೊಬ್ಬರ ಕುರಿತು ಮಾತನಾಡಬೇಕೆಂದು ನೀವು ಕೇಳಿದಾಗ ಮೊದಲು ಸಂಕೋಚವಾಯಿತು. ನಾನು ಭತ್ತದ ತಳಿಗಳನ್ನು ಅಭ್ಯಾಸ ಮಾಡಿದವನು. ರಾಗ, ತಾಳಗಳ ವಿದ್ಯೆ ನನ್ನದಲ್ಲ. ಆದರೂ ಒಪ್ಪಿಕೊಂಡುದಕ್ಕೆ ಒಂದು ಹಳೆಯ ಋಣ ಕಾರಣ. ಅದನ್ನು ಮುಂದೆ ಹೇಳುತ್ತೇನೆ. ನಿಮ್ಮಲ್ಲಿ ಅನೇಕರು ಘಟ್ಟದ ಸೀಮೆಯಿಂದ ಓದಿಗಾಗಿ ಇಲ್ಲಿಗೆ ಬಂದವರೆಂದು ತಿಳಿದು ಧೈರ್ಯವೂ ಬಂತು.

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿ 13ರಂದು ನಮ್ಮನ್ನಗಲಿದರು. ಅದಕ್ಕೆ ಎರಡು ತಿಂಗಳು ಮುಂಚೆ, 2024ರ ಡಿಸೆಂಬರ್ 16ರಂದು, ಅದೇ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ತೀರಿಕೊಂಡಿದ್ದರು. ಇಬ್ಬರೂ ಹಾಲಕ್ಕಿ ಒಕ್ಕಲಿಗ ಸಮುದಾಯದವರು, ಇಬ್ಬರೂ ಶಾಲೆಯ ಮೆಟ್ಟಿಲು ಹತ್ತದವರು, ಇಬ್ಬರೂ ಪದ್ಮಶ್ರೀ ಪಡೆದವರು. ತುಳಸಿಯವರು ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ಗಿಡ ಬೆಳೆಸಿದರು. ಸುಕ್ರಿಯವರು ಹಾಡನ್ನು ಉಳಿಸಿದರು. ಈ ಎರಡನ್ನೂ ಬೇರೆಬೇರೆ ಕೆಲಸಗಳೆಂದು ನಾನು ಬಹುಕಾಲ ತಿಳಿದಿದ್ದೆ.

ಸುಕ್ರಿಯವರಿಗೆ ಹಾಡು ಬಂದದ್ದು ತಾಯಿಯಿಂದ. ಕಡಲಿಗೂ ಘಟ್ಟಕ್ಕೂ ನಡುವಿನ ಕೊಪ್ಪಗಳಲ್ಲಿ ಬದುಕುವ ಹಾಲಕ್ಕಿಗಳಿಗೆ ನೆಟ್ಟಿಗೊಂದು ಹಾಡು, ಮದುವೆಗೊಂದು ಹಾಡು, ಸುಗ್ಗಿಗೆ ಮತ್ತೊಂದು. ಎಳೆಯ ವಯಸ್ಸಿನಲ್ಲೇ ಮದುವೆಯಾದ ಸುಕ್ರಿ, ಸಾಕುಮಗನನ್ನೂ ಕುಡಿತಕ್ಕೆ ಕಳೆದುಕೊಂಡರು. ಎದೆಗುಂದದೆ ಊರ ಹೆಂಗಸರನ್ನು ಕೂಡಿಸಿ ಸಾರಾಯಿ ಮಾರಾಟದ ವಿರುದ್ಧ ನಿಂತರು. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದದ್ದು 2007ರಲ್ಲಿ. ಬಡಿಗೇರಿಯ ಹೆಂಗಸರು ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಬೀದಿಗಿಳಿದಿದ್ದರು. ಬೆಳಂಬಾರ ಗ್ರಾಮ ಪಂಚಾಯಿತಿಗೂ ಅವರು ಆಯ್ಕೆಯಾದರು. ನಾಡೋಜ ಗೌರವ, 2017ರ ಪದ್ಮಶ್ರೀ ಆಮೇಲಿನ ಮಾತು. ತಮ್ಮ ಸಮುದಾಯವನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಅವರು ಕೇಳುತ್ತಲೇ ಇದ್ದರು. ಸನ್ಮಾನದ ವೇದಿಕೆಗಳು ಶಾಲು ಹೊದಿಸಿದಷ್ಟು ಸುಲಭವಾಗಿ ಈ ಮಾತಿಗೆ ಕಿವಿಗೊಡಲಿಲ್ಲ.

ಅವರಿಗೆ ಐದು ಸಾವಿರ ಹಾಡು ಬಾಯಿಪಾಠವಿತ್ತೆಂದು ಪತ್ರಿಕೆಗಳು ಬರೆದವು. ಎಣಿಸಿದವರಾರೋ ಕಾಣೆ. ಕಾರವಾರ ಆಕಾಶವಾಣಿಯೂ ಜಾನಪದ ಅಕಾಡೆಮಿಯೂ ಆ ಹಾಡುಗಳ ಸಂಗ್ರಹಕ್ಕೆ ಕೈಜೋಡಿಸಿದ್ದು ದೊಡ್ಡ ಕೆಲಸ. ಆ ಜಿಲ್ಲೆಯಲ್ಲಿ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿಗಳಂಥ ವಿದ್ವಾಂಸರು ಕೊಪ್ಪದಿಂದ ಕೊಪ್ಪಕ್ಕೆ ತಿರುಗಿ ಜಾನಪದವನ್ನು ಕಲೆಹಾಕಿದರು. ಆದರೆ ವಿದ್ವಾಂಸರೆಂದರೆ ಬರೆದುಕೊಂಡವರು ಮಾತ್ರ, ಹಾಡಿದವರು ಕೇವಲ ‘ವಕ್ತೃ’ಗಳು ಎಂಬ ವಿಂಗಡಣೆ ನನಗೆ ಒಪ್ಪಿಗೆಯಾಗದು. ಯಾವ ಹಾಡು ಯಾವ ಕೆಲಸಕ್ಕೆ, ಯಾವ ಹೊತ್ತಿಗೆ ಸಲ್ಲುತ್ತದೆ ಎಂಬುದನ್ನು ಬಲ್ಲ ಸುಕ್ರಿಯವರೂ ಜಾನಪದ ವಿದ್ವಾಂಸರೇ.

ಇನ್ನು ಋಣದ ಮಾತು. ಇಪ್ಪತ್ತು ವರ್ಷಗಳಾಚೆ, ಡಾಕ್ಟರೇಟಿನ ಅಧ್ಯಯನಕ್ಕಾಗಿ ಅಘನಾಶಿನಿ ನದಿಯ ಗಜನಿ ಭೂಮಿಗಳಲ್ಲಿ ಅಲೆಯುತ್ತಿದ್ದೆ. ಸಮುದ್ರದ ಉಪ್ಪುನೀರು ನುಗ್ಗುವ ಆ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪನ್ನೂ ನೆರೆಯನ್ನೂ ತಾಳುವ, ಎತ್ತರಕ್ಕೆ ಬೆಳೆಯುವ ತಳಿ. ಕೊಯ್ಲಿನ ಹೊತ್ತಿಗೆ ಹೆಂಗಸರು ನೀರಿನಲ್ಲಿ ನಿಂತು ತೆನೆ ಕೊಯ್ಯುತ್ತಿದ್ದರು. ನಾನು ದಂಡೆಯ ಮೇಲೆ ಟೇಪ್ ರೆಕಾರ್ಡರ್ ಹಿಡಿದು ಪ್ರಶ್ನಾವಳಿಯ ಪ್ರಕಾರ ಕೇಳುತ್ತಿದ್ದೆ: ಎಷ್ಟು ಬೀಜ, ಎಷ್ಟು ಇಳುವರಿ, ಯಾವ ರೋಗ. ನಡುವೆ ಅವರು ಹಾಡತೊಡಗಿದರು. ಬ್ಯಾಟರಿ ವ್ಯರ್ಥವಾಗುವುದೆಂದು ನಾನು ಯಂತ್ರವನ್ನು ಆರಿಸಿದೆ. ಹಾಡು ಮುಗಿದ ಮೇಲೆ ಮತ್ತೆ ಹಚ್ಚಿದೆ. ನನ್ನ ಪ್ರಬಂಧದಲ್ಲಿ ಕಗ್ಗದ ಕಾಳಿನ ಉದ್ದ, ಅಗಲ, ತೂಕ ಎಲ್ಲವೂ ಇವೆ. ಅದನ್ನು ನೂರಾರು ವರ್ಷ ಆರಿಸಿ, ಒಣಗಿಸಿ, ಕಾದಿರಿಸಿದವರು ಆ ದಿನ ಹಾಡಿದ್ದೇನೆಂಬುದು ಮಾತ್ರ ಎಲ್ಲಿಯೂ ಇಲ್ಲ. ಮರುವರ್ಷ ಹೋದಾಗ ಆ ಗದ್ದೆಯ ಕಟ್ಟೆ ಒಡೆದಿತ್ತು. ಬಳಿಕ ಅದು ಸಿಗಡಿಯ ಹೊಂಡವಾಯಿತು.

ಬೀಜ ಉಳಿಸುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಎರಡು ದಾರಿ. ಒಂದು ಬೀಜಭಂಡಾರ: ಕಾಳನ್ನು ಚೆನ್ನಾಗಿ ಒಣಗಿಸಿ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ತಂಪಿನಲ್ಲಿಡುವುದು. ದೆಹಲಿಯಲ್ಲಿ ಅಂಥದೊಂದಿದೆ, 2008ರಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪದ ಹಿಮದಡಿ ಇಡೀ ಜಗತ್ತಿಗಾಗಿ ಮತ್ತೊಂದನ್ನು ತೆರೆದರು. ಇನ್ನೊಂದು, ರೈತನ ಗದ್ದೆ. ಭಂಡಾರದ ಬೀಜ ಇಟ್ಟ ದಿನ ಹೇಗಿತ್ತೋ ಹಾಗೆಯೇ ಇರುತ್ತದೆ. ಅಲ್ಲಿಯೂ ಆಗಾಗ ಮೊಳಕೆ ಪರೀಕ್ಷಿಸಬೇಕು. ಶಕ್ತಿ ಕುಂದಿದರೆ ಹೊರತೆಗೆದು ಬಿತ್ತಿ ಹೊಸ ಬೀಜ ಪಡೆಯಬೇಕು. ಗದ್ದೆಯ ಬೀಜವಾದರೋ ವರ್ಷವರ್ಷವೂ ಮಳೆ, ಉಪ್ಪು, ಕೀಟಗಳ ಜೊತೆ ಸೆಣಸಿ ತುಸುತುಸುವೇ ಬದಲಾಗುತ್ತದೆ. ಧ್ವನಿಮುದ್ರಿತ ಹಾಡು ಭಂಡಾರದ ಬೀಜ. ಅದು ಬೇಕು, ಅದಿಲ್ಲದಿದ್ದರೆ ಎಲ್ಲವೂ ಹೋಗುತ್ತಿತ್ತು. ಅದನ್ನು ಮರಳಿ ಬಿತ್ತುವ ಗದ್ದೆ ಯಾವುದು ಎಂಬುದೇ ತೊಡಕಿನ ಪ್ರಶ್ನೆ.

ನೆಟ್ಟಿಯ ಹಾಡು ಉಳಿಯಲೆಂದು ಕೈನೆಟ್ಟಿಯೇ ಇರಲಿ ಎನ್ನಲು ನನಗೆ ಬಾಯಿ ಬಾರದು. ಮಳೆಯಲ್ಲಿ ದಿನವಿಡೀ ಬಾಗಿ ನಿಲ್ಲುವ ಬೆನ್ನಿನ ನೋವನ್ನು ಬಲ್ಲವರಾರೂ ಹಾಗೆನ್ನಲಾರರು. ನಾಟಿ ಯಂತ್ರವನ್ನು ಶಿಫಾರಸು ಮಾಡಿದವರಲ್ಲಿ ನಾನೂ ಒಬ್ಬ. ಸುಗ್ಗಿ ಕುಣಿತದ ಗುಮಟೆಯನ್ನು ನೋಡಿ. ಮಣ್ಣಿನ ಕೊಡದ ಬಾಯಿಗೆ ಉಡದ ಚರ್ಮ ಬಿಗಿಯುವುದು ಹಿಂದಿನ ವಾಡಿಕೆ. 1972ರ ವನ್ಯಜೀವಿ ಕಾಯಿದೆ ಉಡಕ್ಕೆ ರಕ್ಷಣೆ ಕೊಟ್ಟಿದೆ. ಆಡಿನ ಚರ್ಮವೂ ಬಳಕೆಗೆ ಬಂದಿದೆ. ನಾದ ಕೊಂಚ ಬೇರೆ ಎನ್ನುವವರಿದ್ದಾರೆ. ಇರಬಹುದು. ಉಡವೂ ಉಳಿಯಲಿ, ಗುಮಟೆಯೂ ನುಡಿಯಲಿ.

ಸುಕ್ರಿಯವರು ಮಾಡಿದ್ದೂ ಇಂಥದೇ ಎಂದು ನನ್ನ ಎಣಿಕೆ. ಗದ್ದೆಯ ಕೆಲಸ ಕಿರಿದಾದಂತೆ ಅವರು ಹಾಡನ್ನು ಸಾರಾಯಿ ಅಂಗಡಿಯ ಎದುರಿಗೆ ಒಯ್ದರು, ಆಕಾಶವಾಣಿಗೆ ಒಯ್ದರು, ಕಿರಿಯರಿಗೆ ಕಲಿಸಿದರು.

ಇಂದು ಇಲ್ಲಿಗೆ ಬರುವ ದಾರಿಯಲ್ಲಿ ಬಡಾವಣೆಗಳ ನಡುವೆ ಉಳಿದ ಒಂದೆರಡು ರಾಗಿ ಹೊಲಗಳನ್ನು ಕಂಡೆ. ರಾಗಿಯ ನಡುವೆ ಅವರೆ, ಜೋಳ, ಹುಚ್ಚೆಳ್ಳುಗಳ ಅಕ್ಕಡಿ ಸಾಲು ಹಾಕುತ್ತಿದ್ದ ನೆಲವಿದು. ರಾಗಿಕಲ್ಲಿನ ಮುಂದೆ ಬೀಸುವ ಪದ ಹಾಡುತ್ತಿದ್ದ ಸೀಮೆ. ನಿಮ್ಮ ವಸತಿಗೃಹದ ಅಡುಗೆ ಕೆಲಸಕ್ಕೆ ಅಕ್ಕಪಕ್ಕದ ಹಳ್ಳಿಯಿಂದ ಬರುವ ಅಮ್ಮಂದಿರಲ್ಲಿ ಯಾರಿಗಾದರೂ ಆ ಪದಗಳು ನೆನಪಿರಬಹುದು. ಕೇಳಿ ನೋಡಿ. ರಜೆಗೆ ಊರಿಗೆ ಹೋದಾಗ ಅಜ್ಜಿಯ ಬಳಿ ಕೂತು ಕೇಳಿ. ಫೋನಿನಲ್ಲಿ ಮುದ್ರಿಸಿಕೊಳ್ಳುವುದು ತಪ್ಪಲ್ಲ. ಆದರೆ ಅದಕ್ಕೆ ಮೊದಲು ಎರಡು ಹಾಡನ್ನಾದರೂ ಬಾಯಲ್ಲಿ ಕಲಿಯಿರಿ, ತಪ್ಪಿದಲ್ಲಿ ಅಜ್ಜಿ ತಿದ್ದಲಿ. ಬರೆದುಕೊಳ್ಳುವಾಗ ಯಾವ ಕೆಲಸದ ಹಾಡು, ಯಾವ ತಿಂಗಳಿನದು, ಅದರಲ್ಲಿ ಯಾವ ಗಿಡ, ಯಾವ ಹಕ್ಕಿ, ಯಾವ ಭತ್ತದ ಹೆಸರು ಬರುತ್ತದೆ ಎಂಬುದನ್ನೂ ಗುರುತಿಸಿ. ಹಾಡಿದವರ ಒಪ್ಪಿಗೆ ಪಡೆದು ನಮ್ಮ ಪತ್ರಿಕೆಗೆ ಕಳುಹಿಸಿದರೆ, ಹಾಡಿದವರ ಹೆಸರನ್ನು ಮೊದಲು ಹಾಕಿ, ಬರೆದುಕೊಂಡವರ ಹೆಸರನ್ನು ಆಮೇಲೆ ಹಾಕಿ ಅಚ್ಚು ಮಾಡುತ್ತೇವೆ.